ಆರು ಮನೆಗೊಂದು ಕಂಬಳಿ

ಹೋದ ವಾರ ನನಗೆ ನೆಗಡಿಯಾಯಿತು. ಇದೇನು ಕೂತು ಬರೆಯುವಂಥ ಸಂಗತಿಯೇ, ನೆಗಡಿ ಯಾರಿಗಾಗುವುದಿಲ್ಲ ಎಂದು ನೀವು ಕೇಳಬಹುದು. ಕೇಳಿ. ಆದರೆ ನನ್ನ ಸೊಸೆ ನನ್ನ ಎರಡನೆಯ ಸೀನಿಗೇ ಅಂಗಡಿಗೆ ಹೋಗಿ ಆವಿ ಹಿಡಿಯುವ ಯಂತ್ರವೊಂದನ್ನು ತಂದುಬಿಟ್ಟಳು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಗುಲಾಬಿ ಬಣ್ಣ, ಮೇಲೆ ಮೂಗು ತೂರಿಸಲು ಒಂದು ಕೊಳವೆ. ಸ್ವಿಚ್ ಹಾಕಿದರೆ ಆಯಿತು. ಹಾಕಿದೆ. ಆವಿ ಬಂತು, ಕಟ್ಟಿದ ಮೂಗೂ ಬಿಟ್ಟಿತು, ಆದರೂ ಆವಿ ಹಿಡಿದ ಹಾಗೆ ಅನ್ನಿಸಲಿಲ್ಲ. ಏನೋ ಕಡಿಮೆಯಾಯಿತಲ್ಲ ಎಂದು ಯೋಚಿಸುತ್ತ ಕೂತೆ. ಕತ್ತಲೆ ಇರಲಿಲ್ಲ. ಕುರಿಯ ವಾಸನೆ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗೆ ಕೂತು ‘ಬಗ್ಗು, ಇನ್ನೂ ಬಗ್ಗು’ ಎನ್ನುತ್ತ ಕುತ್ತಿಗೆ ಅಮುಕುವ ನನ್ನ ಅಜ್ಜಿ ಇರಲಿಲ್ಲ.

ಮದರಾಸಿನವರಿಗೂ ಚಳಿಗೂ ಇರುವ ಸಂಬಂಧವನ್ನು ಬೇರೆ ಊರಿನವರಿಗೆ ತಿಳಿಸಿ ಹೇಳುವುದು ಕಷ್ಟ. ವರ್ಷದಲ್ಲಿ ಹತ್ತು ತಿಂಗಳು ಬೀಸಣಿಗೆಯಲ್ಲೇ ಕಾಲ ಕಳೆಯುವ ಜನ, ದೀಪಾವಳಿಯ ಮಳೆ ಹಿಡಿದು ಬೆಳಗಿನ ಹೊತ್ತು ಒಂದಿಷ್ಟು ತಂಗಾಳಿ ಬೀಸಿತೋ ಇಲ್ಲವೋ, ಪೆಟ್ಟಿಗೆಯಿಂದ ಮಫ್ಲರ್ ತೆಗೆದು ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಸುತ್ತಿಕೊಂಡುಬಿಡುತ್ತಾರೆ. ಮೈಮೇಲೆ ಬನಿಯನ್ ಕೂಡ ಇರುವುದಿಲ್ಲ, ಕಿವಿಗೆ ಮಾತ್ರ ಉಣ್ಣೆ. ಚಳಿ ಕಿವಿಯಿಂದಲೇ ಒಳಗೆ ಬರುತ್ತದೆ ಎಂಬುದು ಈ ಊರಿನ ಸಿದ್ಧಾಂತ. ಚಳ್ಳಕೆರೆಯಿಂದ ಬಂದ ನನ್ನ ಅಜ್ಜಿ ಮೊದಲ ಮಳೆಗಾಲದಲ್ಲಿ ಈ ದೃಶ್ಯ ನೋಡಿ, ಪಾಪ, ಈ ಊರಿನ ಗಂಡಸರಿಗೆಲ್ಲ ಒಟ್ಟಿಗೇ ಹಲ್ಲುನೋವು ಬಂದಿದೆಯಲ್ಲ ಎಂದು ಅಪ್ಪನ ಹತ್ತಿರ ಮರುಗಿದ್ದಳು.

ನಾವಿದ್ದದ್ದು ಪುರಸೈವಾಕ್ಕದಲ್ಲಿ, ಜವಳಿ ಅಂಗಡಿಗಳ ಬೀದಿಯ ಹಿಂದಿನ ಓಣಿಯಲ್ಲಿ. ಒಂದು ಹೆಬ್ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿಯ ಸುತ್ತ ಆರು ಮನೆ. ಇಂಥ ವಠಾರಕ್ಕೆ ಮದರಾಸಿನಲ್ಲಿ ‘ಸ್ಟೋರು’ ಎನ್ನುತ್ತಾರೆ. ಸಾಮಾನು ಪೇರಿಸಿಟ್ಟ ಹಾಗೆ ಮನುಷ್ಯರನ್ನು ಪೇರಿಸಿಡುವುದರಿಂದ ಆ ಹೆಸರು ಬಂದಿರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಆರು ಮನೆಯಲ್ಲಿ ನಮ್ಮದೊಂದೇ ಕನ್ನಡದ ಮನೆ. ಅಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ದಾರಿಯಲ್ಲಿ ಕಾಣೆಯಾದ ಗೂಡ್ಸ್ ವ್ಯಾಗನ್ನುಗಳನ್ನು ಕೂತಲ್ಲಿಂದಲೇ ಹುಡುಕುವುದು ಅವರ ಕೆಲಸ. ಗುಂತಕಲ್ಲಿನಿಂದ ಹೊರಟ ಕಡಲೆಕಾಯಿ ವ್ಯಾಗನ್ನು ಅರಕೋಣದವರೆಗೆ ಬಂದದ್ದು ನಿಜ, ಆಮೇಲೆ ಅದನ್ನು ಕಂಡವರಿಲ್ಲ ಎಂಬಂಥ ಮಾತುಗಳನ್ನು ಊಟದ ನಡುವೆ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮಾತ್ರ ದಿನವೂ ಅಮ್ಮನೇ ಹುಡುಕಿಕೊಡಬೇಕಾಗಿತ್ತು.

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ನಮ್ಮ ಜೊತೆ ಇರಲು ಬಂದಳು. ತಂದದ್ದು ಒಂದು ಟ್ರಂಕು, ಒಂದು ತಾಮ್ರದ ಚೊಂಬು, ಒಂದು ಕರಿ ಕಂಬಳಿ. ಮದರಾಸಿಗೆ ಕಂಬಳಿ ತರುವುದು ಉರಿಯುವ ಒಲೆಗೆ ಶಾಲು ಹೊದಿಸಿದ ಹಾಗೆ ಎಂದು ಅಮ್ಮ ಗೊಣಗಿದಳು. ಕಂಬಳಿ ಅಟ್ಟ ಸೇರಿತು, ಅಜ್ಜಿ ಹೊಸ್ತಿಲು ಸೇರಿದಳು. ಚಳ್ಳಕೆರೆಯಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಾತಾಡಿಸಿಕೊಂಡು ಓಡಾಡಿದವಳು ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾವಿಯ ರಾಟೆಯನ್ನು ನೋಡುತ್ತ ಕೂರುತ್ತಿದ್ದಳು. ಅವಳಿಗೆ ತಮಿಳು ಬಾರದು. ಮನೆಯಲ್ಲಿ ಅಪ್ಪ ವ್ಯಾಗನ್ನಿನ ಹಿಂದೆ, ಅಮ್ಮ ಒಲೆಯ ಮುಂದೆ. ಉಳಿದವಳು ನಾನು. ನಾನು ತಮಿಳು ಶಾಲೆಯಲ್ಲಿ ಓದುತ್ತಿದ್ದ ಮಹಾ ಪಂಡಿತೆ, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿ ಮತ್ತೆ ರಾಟೆಯ ಕಡೆ ತಿರುಗುತ್ತಿದ್ದಳು.

ಸ್ಟೋರಿನಲ್ಲಿ ಮೂವತ್ತು ಜನರಿದ್ದರೂ ಕಾರಣವಿಲ್ಲದೆ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ದಾಟುವ ಪದ್ಧತಿ ಇರಲಿಲ್ಲ. ಅದಕ್ಕೆ ಮಡಿಯೂ ಒಂದು ಅಡ್ಡಿ. ಪಕ್ಕದ ಮನೆಯ ಕನಕ ಮಾಮಿ ಅಯ್ಯಂಗಾರರು. ಅವರು ಮಡಿಯಲ್ಲಿ ಒಣಗಿಸಿದ ಸೀರೆಗೆ ನಮ್ಮ ಗಾಳಿ ಸೋಕಬಾರದು, ನಮ್ಮ ಅಜ್ಜಿಯ ಸೀರೆಗೆ ಅವರ ಗಾಳಿ ಸೋಕಬಾರದು. ಎರಡೂ ಕಡೆಯವರು ಬಾವಿಕಟ್ಟೆಯಲ್ಲಿ ಎದುರಾದರೆ ನಗುತ್ತ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹೀಗಿರುವಾಗ ಕನಕ ಮಾಮಿಗೆ ನೆಗಡಿ ಬಂತು. ನಮ್ಮ ಅಡುಗೆಮನೆಗೂ ಅವರ ನಡುಮನೆಗೂ ಒಂದೇ ಗೋಡೆ. ಮೂರು ದಿನ ಅಜ್ಜಿ ಆ ಸೀನುಗಳನ್ನು ಕೇಳಿಸಿಕೊಂಡಳು. ನಾಲ್ಕನೆಯ ದಿನ ಅವಳಿಂದ ತಡೆಯಲಾಗಲಿಲ್ಲ. ಅಟ್ಟದಿಂದ ಕಂಬಳಿ ಇಳಿಸಿದಳು, ಹಿತ್ತಿಲ ಬೇಲಿಯಿಂದ ಲಕ್ಕಿ ಸೊಪ್ಪು ಕಿತ್ತಳು, ಮಾಮಿಯ ಮನೆಯ ಮುಂದೆ ಹೋಗಿ ನಿಂತು ಕನ್ನಡದಲ್ಲಿ ನೀರು ಕಾಯಿಸಲು ಹೇಳಿದಳು. ಮಾಮಿ ಕಾಯಿಸಿದರು. ಮೂಗು ಕಟ್ಟಿರುವಾಗ ಭಾಷೆ ಯಾವುದೆಂದು ಯಾರು ನೋಡುತ್ತಾರೆ?

ಮಡಿಯ ಗತಿ ಏನಾಯಿತು ಎನ್ನುತ್ತೀರೋ? ಗುಟ್ಟು ಇರುವುದೇ ಅಲ್ಲಿ. ಹತ್ತಿ ಬಟ್ಟೆಗೆ ಮುಟ್ಟಿದರೆ ಮೈಲಿಗೆ. ಉಣ್ಣೆಗೆ ಮೈಲಿಗೆಯೇ ಇಲ್ಲ. ಯಾರು ಹೊದ್ದರೂ, ಯಾರ ಮನೆಗೆ ಹೋದರೂ ಕಂಬಳಿ ಸದಾ ಶುದ್ಧ. ಈ ಒಂದು ವಿಷಯದಲ್ಲಿ ಅಯ್ಯಂಗಾರರ ಶಾಸ್ತ್ರವೂ ನಮ್ಮ ಶಾಸ್ತ್ರವೂ ಒಂದೇ ಮಾತಾಡುತ್ತಿದ್ದವು. ಮದರಾಸಿನ ಸೆಕೆಯಲ್ಲಿ ಬೇರೆ ಯಾರ ಮನೆಯಲ್ಲೂ ಕಂಬಳಿ ಎಂಬುದಿರಲಿಲ್ಲ. ಅವರು ತೆಳ್ಳಗಿನ ಪಂಚೆ ಹೊದ್ದು ಆವಿ ಹಿಡಿಯುತ್ತಿದ್ದರು, ಆವಿಯೆಲ್ಲ ಪಂಚೆಯಿಂದ ಹೊರಗೆ ಹೋಗಿ ಮನೆಯ ಗೋಡೆಗೆ ಗುಣವಾಗುತ್ತಿತ್ತು. ಕಂಬಳಿಯೊಳಗೆ ಆವಿ ಅಲ್ಲಾಡದೆ ನಿಂತಿತು. ಮಾಮಿ ಬೆವರಿ ಮುದ್ದೆಯಾಗಿ ಹೊರಬಂದು ನಿದ್ದೆಹೋದರು, ಎರಡು ದಿನದಲ್ಲಿ ಎದ್ದು ಓಡಾಡಿದರು. ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ನೆಗಡಿಯ ಲೆಕ್ಕ ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ.

ಅಲ್ಲಿಂದ ಕಂಬಳಿಗೆ ಬಿಡುವಿಲ್ಲದಾಯಿತು. ಒಬ್ಬರಿಗೆ ಮೂಗು ಸೋರಿದರೆ ಆ ಮನೆಯಿಂದ ಕರೆ. ಅಜ್ಜಿ ಕಂಬಳಿಯನ್ನು ಯಾರ ಕೈಯಲ್ಲೂ ಕಳಿಸುತ್ತಿರಲಿಲ್ಲ. ತಾನೇ ಹೆಗಲ ಮೇಲೆ ಹಾಕಿಕೊಂಡು ಹೋಗಬೇಕು, ರೋಗಿಯನ್ನು ಕವುಚಿ ಕೂರಿಸಬೇಕು, ಮುಗಿದ ಮೇಲೆ ಒಂದು ಗಂಟೆ ಕೂತು ಕಷ್ಟಸುಖ ವಿಚಾರಿಸಬೇಕು. ಅವಳು ಕನ್ನಡದಲ್ಲಿ ಚಳ್ಳಕೆರೆಯ ಕಥೆ ಹೇಳುತ್ತಿದ್ದಳು, ಅವರು ತಮಿಳಿನಲ್ಲಿ ತಮ್ಮ ಅತ್ತೆಯ ಕಥೆ ಹೇಳುತ್ತಿದ್ದರು. ಇಬ್ಬರೂ ಸರಿಯಾದ ಜಾಗದಲ್ಲೇ ತಲೆಯಾಡಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಅಜ್ಜಿ ಕಲಿತ ತಮಿಳು ಮೂಗು, ಗಂಟಲು, ಎದೆ, ಕಫ ಇಷ್ಟರೊಳಗೇ ಇತ್ತು. ಕನಕ ಮಾಮಿ ಮಾತ್ರ ಅವಳಿಂದ ಅಷ್ಟಿಷ್ಟು ಕನ್ನಡ ಕಲಿತರು. ಹೊಸ್ತಿಲಲ್ಲಿ ಕೂತು ರಾಟೆ ನೋಡುತ್ತಿದ್ದ ಮುದುಕಿ ಆರು ಮನೆಗೂ ‘ಪಾಟಿ’ಯಾದಳು, ಅಂದರೆ ಎಲ್ಲರಿಗೂ ಅಜ್ಜಿಯಾದಳು. ಮಳೆಗಾಲ ಬಂತೆಂದರೆ ಬೇರೆಯವರ ಮುಖ ಬಾಡುತ್ತಿತ್ತು, ನಮ್ಮ ಅಜ್ಜಿಯ ಮುಖ ಅರಳುತ್ತಿತ್ತು.

ಆರು ಮನೆ ಎಂದೆ, ತಪ್ಪಾಯಿತು, ಐದೇ. ಬಾವಿಯ ಆಚೆ ಎರಡನೆಯ ನಂಬರಿನ ಮನೆಯಲ್ಲಿ ಇನ್ನೊಬ್ಬ ಪಾಟಿ ಇದ್ದರು. ಅವರಿಗೂ ಮನೆಮದ್ದು ಗೊತ್ತಿತ್ತು. ಆವಿಗೆ ಓಮ ಹಾಕಬೇಕೋ ಲಕ್ಕಿ ಸೊಪ್ಪು ಹಾಕಬೇಕೋ ಎಂದು ಒಂದು ದಿನ ಬಾವಿಕಟ್ಟೆಯಲ್ಲಿ ಮಾತು ಬೆಳೆದು, ಎರಡು ಭಾಷೆಯಲ್ಲೂ ಬೈದಾಡಿ, ಅವರು ಕಂಬಳಿಗೆ ಬಹಿಷ್ಕಾರ ಹಾಕಿದ್ದರು. ಓಮದ ನೀರು ಕುಡಿದುಕೊಂಡು ಬಾಗಿಲು ಮುಚ್ಚಿಕೊಂಡು ಇದ್ದರು. ಅಹಂಕಾರಕ್ಕೆ ಉದಾಸೀನವೇ ಮದ್ದು ಎಂದು ನಮ್ಮ ಅಜ್ಜಿ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಊರಿಗೆ ಫ್ಲೂ ಬಂತು. ನಮ್ಮ ತರಗತಿಯಲ್ಲಿ ಒಂದು ದಿನ ಟೀಚರೂ ಸೇರಿ ಏಳು ಜನ ಇದ್ದೆವು. ಸ್ಟೋರಿನಲ್ಲಿ ಒಂದೊಂದು ಮನೆಯೂ ಮಲಗಿತು. ಕಂಬಳಿಗೆ ಸರದಿ ಕಟ್ಟಬೇಕಾಯಿತು. ಕನಕ ಮಾಮಿಯ ಯಜಮಾನರು ಇನ್ಶೂರೆನ್ಸ್ ಕಂಪನಿಯಲ್ಲಿದ್ದವರು, ಸಾವಿನ ವಿಷಯದಲ್ಲಿ ಬಹಳ ಓದಿಕೊಂಡಿದ್ದರು. ನೂರು ಡಿಗ್ರಿ ಜ್ವರಕ್ಕೇ ಹೆಂಡತಿಯನ್ನು ಕರೆದು ಬೀರುವಿನ ಬೀಗದ ಕೈ ಒಪ್ಪಿಸಿದರು. ಅಜ್ಜಿ ಅವರನ್ನು ಕಂಬಳಿಯೊಳಗೆ ಕವುಚಿದಾಗ ಕನ್ನಡಕ ತೆಗೆಯಲು ಮರೆತಿದ್ದರು. ಹೊರಗೆ ಬಂದವರು ಮಂಜಾದ ಗಾಜಿನಲ್ಲಿ ಏನೂ ಕಾಣದೆ, ಕಣ್ಣು ಹೋಯಿತೆಂದು ಅತ್ತರು. ಕನ್ನಡಕ ಒರೆಸಿಕೊಟ್ಟ ಮೇಲೆ ಅಜ್ಜಿಗೆ ಕೈಮುಗಿದರು. ಅಜ್ಜಿ ಅವರಿಗೆ ಒಣಶುಂಠಿಯ ಸುಕ್ಕು ಕಾಫಿ ಕುಡಿಸಿ, ಅದೇ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಬೆವರು ಆರುವ ಮೊದಲೇ ಮುಂದಿನ ಮನೆಗೆ ನಡೆದಳು. ತನಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ಸೀನೂ ಬಂದಿಲ್ಲವೆಂದೂ ಅದಕ್ಕೆ ಕಂಬಳಿಯ ಮಹಿಮೆಯೇ ಕಾರಣವೆಂದೂ ಎಲ್ಲರಿಗೂ ಹೇಳುತ್ತಿದ್ದಳು. ಆ ಕಂಬಳಿ ಎಂದೂ ಮನೆಯಲ್ಲಿ ಉಳಿಯದ್ದರಿಂದ ಅವಳು ಅದನ್ನು ಒಂದು ದಿನವಾದರೂ ಹೊದ್ದಿದ್ದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅಪ್ಪನಿಗೆ. ಅವರೂ ಫ್ಲೂ ಹಿಡಿದು ಮಲಗಿದ್ದರು. ಕಚೇರಿಗೆ ಹೋಗುವ ಹಾಗಿಲ್ಲ, ಹುಡುಕಲು ಒಂದು ವ್ಯಾಗನ್ನೂ ಇಲ್ಲ. ಕೈ ಸುಮ್ಮನಿರದೆ ಹಳೆಯ ಫಾರಂ ಒಂದರ ಹಿಂದೆ ಆರು ಮನೆ ಬರೆದು, ಯಾವ ಮನೆಗೆ ಯಾವ ದಿನ ಜ್ವರ ಬಂತೆಂದು ನನ್ನನ್ನು ಕೇಳಿ ಕೇಳಿ ಗುರುತು ಹಾಕಿದರು. ಜ್ವರ ಒಂದನೆಯ ಮನೆಯಿಂದ ಹೊರಟು ಮೂರಕ್ಕೆ ಬಂದಿತ್ತು, ಮೂರರಿಂದ ಆರು, ಆರರಿಂದ ನಾಲ್ಕು, ಆಮೇಲೆ ಐದು, ಅಂದರೆ ನಮ್ಮ ಮನೆ. ಗಾಳಿಯಲ್ಲಿ ಬಂದಿದ್ದರೆ ಒಂದರ ಪಕ್ಕದ ಎರಡನ್ನು ಯಾಕೆ ಬಿಟ್ಟಿತು, ಹೀಗೆ ಅಡ್ಡಾದಿಡ್ಡಿ ಯಾಕೆ ಓಡಾಡಿತು ಎಂದು ಅಪ್ಪ ತಲೆ ಕೆರೆದುಕೊಂಡರು. ಆಮೇಲೆ ಕಂಬಳಿ ಹೋದ ದಾರಿಯನ್ನು ಅದರ ಪಕ್ಕದಲ್ಲಿ ಬರೆದರು. ಎರಡು ದಾರಿಯೂ ಒಂದೇ. ಅಜ್ಜಿಯನ್ನು ಬಿಟ್ಟರೆ ಇಡೀ ಸ್ಟೋರಿನಲ್ಲಿ ಸೀನದೆ ಉಳಿದದ್ದು ನಮ್ಮ ಮೇಲೆ ಸಿಟ್ಟು ಮಾಡಿಕೊಂಡ ಎರಡನೆಯ ನಂಬರಿನವರು ಮಾತ್ರ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಡಿಸ್ಪೆನ್ಸರಿಯ ಲೇಡಿ ಡಾಕ್ಟರನ್ನು ಅಪ್ಪ ಕೇಳಿದರು. ಆಕೆ, ಒಬ್ಬರ ಮೂಗಿನ ಹತ್ತಿರ ಹೋದ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಒಗೆಯದೆ ಇನ್ನೊಬ್ಬರಿಗೆ ಕೊಡಬಾರದು, ಇಷ್ಟು ಗೊತ್ತಿಲ್ಲವೇ ಎಂದರಂತೆ. ಗೊತ್ತಿತ್ತು. ಆದರೆ ಅದು ಬಟ್ಟೆಯಲ್ಲವಲ್ಲ, ಕಂಬಳಿ. ಮೈಲಿಗೆಯಾಗದ್ದನ್ನು ಯಾರು ಒಗೆಯುತ್ತಾರೆ? ಹೊಸದಾಗಿ ನೇಯ್ದು ತಂದ ದಿನದಿಂದ ಅದಕ್ಕೆ ನೀರು ತಾಕಿರಲಿಲ್ಲ.

ಈಗ ಇದನ್ನು ಅಜ್ಜಿಗೆ ಯಾರು ಹೇಳಬೇಕು? ನಿಮ್ಮಮ್ಮ, ನೀವೇ ಹೇಳಿ ಎಂದಳು ಅಮ್ಮ. ನಾನು ವ್ಯಾಗನ್ ಹುಡುಕುವವನು, ಹಳಿ ತಪ್ಪಿಸುವವನಲ್ಲ ಎಂದರು ಅಪ್ಪ. ಇಬ್ಬರೂ ಎರಡು ದಿನ ಹೀಗೆ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತರು. ಅವರಿಗಿದ್ದ ಭಯ ನನಗೆ ಈಗ ಅರ್ಥವಾಗುತ್ತದೆ. ಆ ಕಂಬಳಿ ಹೋದರೆ ಅಜ್ಜಿ ಮತ್ತೆ ಹೊಸ್ತಿಲಿಗೆ ಬರುತ್ತಾಳೆ. ಆಗ ನನಗೆ ಅಂಥ ಬುದ್ಧಿ ಎಲ್ಲಿಂದ ಬರಬೇಕು? ಅಪ್ಪನ ಲೆಕ್ಕದಲ್ಲಿ ನನ್ನ ಪಾಲೂ ಇದೆ ಎಂಬ ಜಂಬದಲ್ಲಿ ಹೊಟ್ಟೆ ಉಬ್ಬಿಹೋಗಿತ್ತು. ಮರುದಿನ ಬೆಳಗ್ಗೆ ಬಾವಿಕಟ್ಟೆಯಲ್ಲಿ ಎಲ್ಲ ಹೆಂಗಸರೂ ಸೇರಿದ್ದಾಗ, ಅಜ್ಜಿಯ ಮುಂದೆಯೇ, ಪಾಠ ಒಪ್ಪಿಸುವ ಧ್ವನಿಯಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ.

ಒಪ್ಪಿಸಿದ್ದು ತಮಿಳಿನಲ್ಲಿ. ಆದ್ದರಿಂದ ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು, ಅಜ್ಜಿಯೊಬ್ಬಳನ್ನು ಬಿಟ್ಟು. ಕಂಬಳಿ, ನೆಗಡಿಗೆ ತಮಿಳರು ಹೇಳುವ ಜಲದೋಷಂ, ಈ ಎರಡು ಮಾತುಗಳಷ್ಟೇ ಅವಳ ಕಿವಿಗೆ ಬಿದ್ದವು. ಮೊಮ್ಮಗಳು ನಾಲ್ಕು ಜನರೆದುರು ತನ್ನನ್ನು ಹೊಗಳುತ್ತಿದ್ದಾಳೆಂದು ತಿಳಿದು ಅವಳು ಎಲ್ಲರ ಮುಖವನ್ನೂ ನೋಡಿ ನಕ್ಕಳು. ಯಾರೂ ನಗಲಿಲ್ಲ. ಎಳೆದ ಕೊಡ ರಾಟೆಯಲ್ಲೇ ನಿಂತಿತು. ಎರಡನೆಯ ನಂಬರಿನ ಪಾಟಿ ಕೂಡ ತಲೆ ತಗ್ಗಿಸಿದರು.

“ಏನಂದಳು ಇವಳು?” ಅಜ್ಜಿ ಕನಕ ಮಾಮಿಯನ್ನು ಕೇಳಿದಳು.

ಮಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಒಣ್ಣುಂ ಇಲ್ಲ, ಏನೂ ಇಲ್ಲ ಪಾಟಿ. ಕಂಬಳಿ ಒಂದು ಸಲ ಒಗೀಬೇಕಂತೆ. ಡಾಕ್ಟರಮ್ಮ ಸೊನ್ನಾಂಗಳಾಂ, ಅಷ್ಟೇ” ಎಂದರು.

ಉಣ್ಣೆಯನ್ನು ಒಗೆಯುತ್ತಾರೆಯೇ ಎಂದು ಅಜ್ಜಿ ಮನೆಗೆ ಬಂದು ಅಪ್ಪನನ್ನು ಕೇಳಿದಳು. ಆಗ ಅಪ್ಪ ಫಾರಮ್ಮಿನ ಹಿಂದೆ ಬರೆದದ್ದನ್ನು ಬಿಡಿಸಿ ಹೇಳಲೇಬೇಕಾಯಿತು. ಅಜ್ಜಿ ಆ ಗೀಟುಗಳನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಆ ದಾರಿ ಅವಳೇ ನಡೆದ ದಾರಿ.

“ಅಂದ್ರೆ ನಾನೇ ಮನೆಮನೆಗೂ ಹೊತ್ಕೊಂಡು ಹೋಗಿ ಕೊಟ್ಟು ಬಂದೆ ಅನ್ನು,” ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು. ಆ ದಿನದಿಂದ ಅವಳ ಹತ್ತಿರ ಕನ್ನಡದಲ್ಲೇ ಮಾತಾಡಬೇಕೆಂದು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದ್ದನ್ನೂ ಅವಳಿಗೆ ತಮಿಳಿನಲ್ಲೇ ಹೇಳಿದೆನೆಂದು ಅಮ್ಮ ಸಾಯುವವರೆಗೂ ನನ್ನನ್ನು ಆಡಿಕೊಳ್ಳುತ್ತಿದ್ದಳು.

ಮರುದಿನ ಅಜ್ಜಿ ಹಂಡೆ ತುಂಬ ನೀರು ಕುದಿಸಿ, ಅಂಟುವಾಳ ಕಾಯಿ ಹಾಕಿ, ಕಂಬಳಿಯನ್ನು ತಾನೇ ಮುಳುಗಿಸಿದಳು. ನೀರು ಕುಡಿದ ಕಂಬಳಿಯನ್ನು ಎತ್ತಲು ನಾಲ್ಕು ಹೆಂಗಸರು ಬೇಕಾಯಿತು. ಮಳೆ ಬಿಡದ್ದರಿಂದ ಅದನ್ನು ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಹರವಿದೆವು. ನಾಲ್ಕು ದಿನ ಸ್ಟೋರಿಗೆ ಸ್ಟೋರೇ ಕುರಿಹಟ್ಟಿಯ ಹಾಗೆ ನಾರಿತು, ನಾವು ತಿಂದ ಸಾರೂ ನಾರಿತು. ಒಣಗಿದ ಮೇಲೆ ಬಿಡಿಸಿ ನೋಡಿದರೆ ಕಂಬಳಿ ಅರ್ಧಕ್ಕರ್ಧ ಕುಗ್ಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುತ್ತಾರೆ, ಅದರ ಮೇಲೆ ಚಾಚಬೇಕಾದರೆ ಮನುಷ್ಯನಿಗೆ ಕಾಲೇ ಇರಬಾರದಾಗಿತ್ತು. ತಲೆಗೆ ಮುಚ್ಚಿದರೆ ಬೆನ್ನು ಬಯಲು, ಬೆನ್ನಿಗೆ ಎಳೆದರೆ ತಲೆ ಬಯಲು. ಒಳಗೆ ಆವಿ ನಿಲ್ಲುವ ಮಾತೇ ಇಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತೆಂದು ಅಪ್ಪ ಅಮ್ಮನ ಕಿವಿಯಲ್ಲಿ ಹೇಳಿದರು.

ಫ್ಲೂ ಹೋಯಿತು. ಕಂಬಳಿ ಒಗೆದದ್ದರಿಂದ ಹೋಯಿತೋ, ಹಿಡಿಯಲು ಇನ್ನು ಯಾರೂ ಉಳಿದಿಲ್ಲವೆಂದು ಹೋಯಿತೋ ಹೇಳಲಾರೆ. ಸ್ಟೋರಿನ ಜನ ಅಷ್ಟು ಆರೋಗ್ಯವಾಗಿದ್ದುದನ್ನು ನಾನು ನೋಡಿರಲಿಲ್ಲ. ಒಬ್ಬರಾದರೂ ಕೆಮ್ಮಬಾರದೇ? ಅಜ್ಜಿಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಬಾವಿಕಟ್ಟೆಯಲ್ಲಿ ಕಂಡರೆ ನಗುತ್ತಿದ್ದರು. ಆದರೆ ಕರೆಯಲು ಕಾರಣವಿರಲಿಲ್ಲ, ಹೋಗಲು ಅವಳಿಗೆ ಮುಖವಿರಲಿಲ್ಲ. ಅಜ್ಜಿ ಮತ್ತೆ ಹೊಸ್ತಿಲಲ್ಲಿ ಕೂತು ರಾಟೆ ನೋಡತೊಡಗಿದಳು. ಊಟ ಕಡಿಮೆಯಾಯಿತು. ಚಳ್ಳಕೆರೆಗೆ ಬಸ್ಸು ಎಲ್ಲಿ ಸಿಗುತ್ತದೆಂದು ಒಮ್ಮೆ ಕೇಳಿದಳು. ಅಲ್ಲಿ ಅವಳಿಗೆ ಯಾರೂ ಇರಲಿಲ್ಲ.

ನನ್ನಿಂದ ನೋಡಲಾಗದೆ ನಾನೇ ರೋಗಿಯಾಗಲು ಹೊರಟೆ. ಅವಳ ಪಕ್ಕ ಕೂತು ಎರಡು ಸಲ ಜೋರಾಗಿ ಸೀನಿದೆ. ಅಜ್ಜಿ ತಿರುಗಿಯೂ ನೋಡದೆ, ನೆಗಡಿಯ ಸೀನು ಎದೆಯಿಂದ ಬರುತ್ತದೆ, ನಿನ್ನದು ಬಾಯಿಂದ ಬಂತು, ಹೋಗಿ ಮಗ್ಗಿ ಬಾಯಿಪಾಠ ಮಾಡು ಎಂದಳು.

ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನದ ಹೊತ್ತು, ಕನಕ ಮಾಮಿ ನಮ್ಮ ಬಾಗಿಲಿಗೆ ಬಂದರು. ಬರುವಾಗಲೇ ಸೀನುತ್ತ ಬಂದರು. ಒಂದರ ಹಿಂದೊಂದು ಐದಾರು ಸೀನು. ಎದೆಯಿಂದಲೇ ಬಂದ ಸೀನು. ಮೂಗು ಕೆಂಪಗಾಗಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ರೊಂಬ ಜಲದೋಷಂ ಪಾಟಿ,” ಎಂದರು. “ಕಂಬಳಿ ಕುಡುಂಗೋ.”

ಆ ಕಂಬಳಿ ಈಗ ಮಾಮಿಯ ಒಂದು ಭುಜವನ್ನೂ ಸರಿಯಾಗಿ ಮುಚ್ಚಲಾರದೆಂಬುದು ಇಬ್ಬರಿಗೂ ಗೊತ್ತಿತ್ತು, ಅದನ್ನು ಹಿಂಡಿದವರಲ್ಲಿ ಮಾಮಿಯೂ ಒಬ್ಬರು. ಅಜ್ಜಿ ಅವರ ಮುಖವನ್ನೇ ನೋಡಿದಳು. ಅವರ ಯಜಮಾನರು ನಸ್ಯ ಹಾಕುವವರು.

“ಕನಕಾ, ಮೂಗಿನ ಕೆಳಗೆ ನಸ್ಯ ಮೆತ್ತಿದೆ, ಒರೆಸ್ಕೋ.”

ಮಾಮಿ ಒರೆಸಿಕೊಂಡರು. ಒರೆಸಿಕೊಳ್ಳುವಾಗ ಇನ್ನೊಂದು ಸೀನು ಬಂತು. ನನಗೆ ನಗು ತಡೆಯಲಾಗದೆ ಕಂಬದ ಹಿಂದೆ ಹೋದೆ. ಅವರಿಬ್ಬರೂ ನಗಲಿಲ್ಲ.

“ಮಾತಾಡ್ಬೇಕು ಅನ್ನಿಸಿದ್ರೆ ಸುಮ್ನೆ ಬರಬೇಕಪ್ಪ,” ಎಂದಳು ಅಜ್ಜಿ. “ಅದಕ್ಯಾಕೆ ಇಷ್ಟು ಸೀನ್ಬೇಕು?”

“ಕಾರಣಂ ಇಲ್ಲದೆ ಹೇಗೆ ಪಾಟಿ ಬರೋದು?” ಮಾಮಿ ಕಣ್ಣೊರೆಸಿಕೊಳ್ಳುತ್ತ ಕೇಳಿದರು. “ನೀವೂ ಬರಲೇ ಇಲ್ಲೈಯೇ.”

ಅಜ್ಜಿ ಎದ್ದು ಒಳಗೆ ಹೋಗಿ ಮಾಮಿಗೆ ಮೂಗು ತೊಳೆಯಲು ನೀರು ತಂದುಕೊಟ್ಟಳು.

ಮರುದಿನ ಊಟವಾದ ಮೇಲೆ ಅಜ್ಜಿ ಅಟ್ಟದಿಂದ ಆ ಗಿಡ್ಡ ಕಂಬಳಿಯನ್ನು ಇಳಿಸಿ ಹೊಸ್ತಿಲ ಹತ್ತಿರ ಹಾಸಿದಳು. ಇಬ್ಬರು ಒತ್ತಾಗಿ ಕೂತರೆ ಸರಿಹೋಗುವಷ್ಟಿತ್ತು. ಗೋಡೆಯ ಕಡೆಗೆ ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಲ್ಲಿ ಒಮ್ಮೆ ಸವರಿದಳು. ಸ್ವಲ್ಪ ಹೊತ್ತಿಗೆ ಕನಕ ಮಾಮಿ ಬಂದರು. ಸೀನಲಿಲ್ಲ.